ವಿಷಕ್ಕೆ ಔಷಧಿ ಅನ್ನೋದ ಮೊದ್ಲು ಬುಡಿ

ನಮ್ಮ ಕಡೆ ಜ್ವರಕ್ಕೆ ನುಂಗೋದೂ ಔಷಧಿ, ಶುಂಠಿ ಹೊಲಕ್ಕೆ ಹೊಡೆಯೋದೂ ಔಷಧಿ, ಅಟ್ಟದ ಮೇಲೆ ಇಲಿಗೆ ಇಡೋದೂ ಔಷಧಿ. ಅಂಗಡಿ ಮುಂದೆ ನಿಂತು "ಇಲಿ ಔಷಧಿ ಐತಾ? ಜಿರಲೆ ಔಷಧಿ ಕೊಡಿ" ಅಂತ ಕೇಳಿ, ಬೆಲ್ಲ ಬೇಳೆ ಜೊತೆ ಒಂದೇ ಚೀಲಕ್ಕೆ ಹಾಕ್ಕೊಂಡು ಬರ್ತೀವಿ. ಬೆಲ್ಲದ ಪಕ್ಕ ವಿಷ ಇಟ್ಕೊಂಡು ಬಂದೆ ಅಂತ ಯಾರಿಗಾದ್ರೂ ಅನ್ನಿಸ್ತದಾ? ಅನ್ನಿಸಲ್ಲ. ನಾವು ತಂದಿದ್ದು ಔಷಧಿ ಅಲ್ವಾ!

ನನ್ನ ಜಗಳ ಮೊದಲು ಈ ಪದದ ಜೊತೆಗೇ. ಔಷಧಿ ಅಂದ್ರೆ ಉಳಿಸೋದು. ಇದು ಕೊಲ್ಲೋದು. ಕೊಲ್ಲೋದಕ್ಕೆ ನಮ್ಮ ಭಾಷೇಲಿ ಎರಡೇ ಅಕ್ಷರದ ಪದ ಐತೆ, ವಿಷ. ಅದನ್ನ ಬಾಯ್ತುಂಬ ಅಂದು ನೋಡಿ. "ಒಲೆ ಕೆಳಗೆ ವಿಷದ ಗೆರೆ ಎಳ್ದಿದೀನಿ, ಅವರೆಕಾಳು ಮೂಟೇಲಿ ವಿಷದ ಗುಳಿಗೆ ಇಟ್ಟಿದೀನಿ, ಕೂಸಿನ ಬಟ್ಟೆ ಮಧ್ಯ ವಿಷದ ಉಂಡೆ ಹಾಕಿದೀನಿ." ಹೀಗಂದ ಮೇಲೂ ಇಡೋ ಮನಸ್ಸು ಬರ್ತದಾ? ಪದ ಸರಿ ಮಾಡಿಕೊಂಡ್ರೆ ಅರ್ಧ ಕೆಲಸ ಆಯ್ತು ಅಂತಲೇ ನಾನು ಹೇಳೋದು. ಮಿಕ್ಕ ಅರ್ಧ ಪರಕೆ, ಸಿಮೆಂಟು, ಬಿಗಿ ಮುಚ್ಚಳದ ಡಬ್ಬದ ಕೆಲಸ.

ಊರು ಬಸ್ತಿಹಳ್ಳಿ ಅಂದ್ರೆ ಕೆಲವ್ರು ನಗ್ತಾರೆ, "ಬಸದಿ ಊರೋರು, ಇರುವೆನೂ ಸಾಯಿಸಬಾರ್ದು ಅಂತೀರೇನೋ" ಅಂತ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಅಂತ ಮೂರು ಬಸದಿ ನಮ್ಮೂರಲ್ಲಿ ಅವೆ, ನಿಜ. ಪಾರ್ಶ್ವನಾಥ ಬಸದಿ ವಿಷ್ಣುವರ್ಧನನ ಕಾಲದ್ದು, 1133ರದು. ಆದ್ರೆ ನಾನು ಅಹಿಂಸೆ ಪಾಠ ಹೇಳೋಕೆ ಕೂತಿಲ್ಲ. ಕೊಬ್ಬರಿ ಅಟ್ಟ ಹತ್ತಿದ ಇಲಿಗೆ ಕತ್ತರಿ ಬೋನು ಇಡ್ತೀನಿ. ಜಿರಲೆ ಕಂಡ್ರೆ ಪರಕೇಲಿ ಬಾರಿಸ್ತೀನಿ. ನನ್ನ ತಕರಾರು ಕೊಲ್ಲೋದ್ರ ಮೇಲಲ್ಲ. ಒಂದು ಇಲಿ ಸಾಯಿಸೋಕೆ ಹೋಗಿ ಮನೇಲಿರೋ ಎಲ್ರ ಮೂಗಿಗೆ, ತಟ್ಟೆಗೆ, ಕೈಗೆ ಸಿಗೋ ಹಾಗೆ ವಿಷ ಹರಡ್ತೀವಲ್ಲ, ಅದ್ರ ಮೇಲೆ.

ಈಗ ಓದೋದು ನಿಲ್ಲಿಸಿ ನಿಮ್ಮ ಮನೇಲೇ ಒಂದು ಸುತ್ತು ಹಾಕಿ ಬನ್ನಿ ಅಕ್ಕಂದಿರೇ. ಮಂಚದ ಕೆಳಗೆ ಸೊಳ್ಳೆ ಬತ್ತಿ. ಸಿಂಕಿನ ಹತ್ರ, ಬೀರುವಿನಲ್ಲಿ ಬಿಳೀ ನುಸಿ ಗುಳಿಗೆ. ಒಲೆ ಕೆಳಗೆ ಚಾಕ್ ಗೆರೆ. ಬಾಗಿಲ ಹಿಂದೆ ಸ್ಪ್ರೇ ಡಬ್ಬ. ಅಟ್ಟದ ಮೇಲೆ ಇಲಿ ಪೇಸ್ಟು, ಇಲಿ ಕೇಕು. ಕಾಳಿನ ಮೂಟೇಲಿ ಗುಳಿಗೆ. ಕಿಟಕಿ ಮೇಲೆ ಹೊಲಕ್ಕೆ ಹೊಡೆದು ಮಿಕ್ಕಿದ ಅರ್ಧ ಬಾಟ್ಲಿ. ಆರೇಳು ಥರ ವಿಷ ಒಂದೇ ಸೂರಿನಡಿ! ನಮ್ಮಜ್ಜಿಯರ ಮನೇಲೂ ಇಲಿ ಇತ್ತು, ಜಿರಲೆ ಇತ್ತು. ಇಷ್ಟು ವಿಷ ಇರ್ಲಿಲ್ಲ.

ಒಂದೊಂದಾಗಿ ನೋಡಾನ. ಸೊಳ್ಳೆ ಬತ್ತಿ ವಿಷಯದಲ್ಲಿ 2003ರಲ್ಲಿ ಒಂದು ಸಂಶೋಧನೆ ಬಂತು. ಒಂದು ಬತ್ತಿ ಪೂರ್ತಿ ಉರಿದ್ರೆ ಹೊರಡೋ ಸಣ್ಣ ಕಣಗಳ ಹೊಗೆ 75ರಿಂದ 137 ಸಿಗರೇಟಿನ ಹೊಗೆಗೆ ಸಮ ಅಂತ ಅದ್ರಲ್ಲಿ ಕಂಡುಬಂತು. ಗಂಡ ಒಂದು ಬೀಡಿ ಒಳಗೆ ಸೇದಿದ್ರೆ "ಮಕ್ಕಳಿದಾರೆ, ಆಚೆ ಹೋಗಿ" ಅಂತ ಗದರಿಸೋ ನಾವು, ರಾತ್ರಿಯೆಲ್ಲ ಕಿಟಕಿ ಹಾಕ್ಕೊಂಡು ಅದೇ ಮಕ್ಕಳ ತಲೆದಿಂಬಿನ ಪಕ್ಕ ಬತ್ತಿ ಹಚ್ಚಿಡ್ತೀವಿ. ನುಸಿ ಗುಳಿಗೆ ಅಂದ್ರೆ ನಾಫ್ತಲೀನು. ಜಿ6ಪಿಡಿ ಅನ್ನೋ ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರೋ ಕೂಸುಗಳು ಅವೆ. ನಾಫ್ತಲೀನ್ ತಾಕಿದ ಬಟ್ಟೆ ಹೊದ್ಸಿದ್ರೆ ಅಂಥ ಕೂಸಿನ ರಕ್ತಕಣ ಒಡೆದು ಕಾಮಾಲೆ ಏರಬಹುದು. ನಮ್ಮ ಕೂಸಿಗೆ ಆ ಕಿಣ್ವ ಐತೋ ಇಲ್ವೋ ನಮಗೇನು ಗೊತ್ತು? ಬಾಣಂತಿ ಮನೆಗೆ ಹಳೇ ಬಟ್ಟೆ ತೆಗೆಯೋ ಮುಂಚೆ ಇದು ನೆನಪಿರ್ಲಿ.

ಇಲಿ ಪೇಸ್ಟುಗಳಲ್ಲಿ ಹಳದಿ ರಂಜಕ ಇರೋದು ಮಹಾ ಮೋಸದ್ದು. ಮಕ್ಕಳು ತಿಳೀದೆ ಬಾಯಿಗಿಟ್ಕೊಂಡ್ರೆ ಮೊದಲು ವಾಂತಿ ಹೊಟ್ಟೆನೋವು ಆಗಿ, ಆಮೇಲೆ ಸುಧಾರಿಸಿದ ಹಾಗೆ ಕಾಣ್ತದೆ. ಎರಡು ಮೂರು ದಿನಕ್ಕೆ ಪಿತ್ತಜನಕಾಂಗ ಕೈ ಕೊಡ್ತದೆ. "ಆಡ್ಕೊಂಡು ಐತಲ್ಲ, ಏನಾಗಲ್ಲ ಬುಡಿ" ಅಂತ ಒಂದು ದಿನ ಕಾದ್ರೆ ಆಮೇಲೆ ಡಾಕ್ಟ್ರೂ ಕೈ ಚೆಲ್ತಾರೆ. ಬಾಯಿಗೆ ಹೋಯ್ತು ಅನ್ನೋ ಅನುಮಾನ ಬಂದ ಗಳಿಗೇಲೇ ಟ್ಯೂಬು ಸಮೇತ ದೊಡ್ಡಾಸ್ಪತ್ರೆಗೆ ಹೊತ್ಕೊಂಡು ಓಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸ್ತಾ ಕೂರಬೇಡಿ.

ಕಾಳಿನ ಮೂಟೆಗೆ ಇಡೋ ಗುಳಿಗೆ, ಅಲ್ಯೂಮಿನಿಯಂ ಫಾಸ್ಫೈಡು. ಗಾಳೀಲಿರೋ ತೇವ ತಾಕಿದ್ರೆ ಅದ್ರಿಂದ ಗ್ಯಾಸು ಬರ್ತದೆ. ಹುಳ ಸಾಯೋದು ಆ ಗ್ಯಾಸಿಗೆ. ಹುಳಕ್ಕೆ ಬೇರೆ ಮನುಷ್ಯರಿಗೆ ಬೇರೆ ಅಂತ ಆ ಗ್ಯಾಸಿಗೆ ಗೊತ್ತಾ? ಮೂಟೆ ಇರೋ ಕೋಣೇಲೇ ಮಲಗೋ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ನಿಯಮದ ಪ್ರಕಾರ ಇದನ್ನ ಸರ್ಕಾರಿ ಸಂಸ್ಥೆಯೋರು, ಕೀಟ ನಿಯಂತ್ರಣದ ಪರವಾನಗಿ ಇರೋರು ಮಾತ್ರ, ತಿಳಿದೋರ ಉಸ್ತುವಾರೀಲಿ ಬಳಸಬೇಕು. ಮನೆ ಹೆಂಗಸರ ಕೈಗೆ ಬರಲೇಬಾರದ ವಸ್ತು ಅದು. ನಿಮ್ಮ ಮೂಟೇಲಿ ಐತೆ ಅಂದ್ರೆ ಯಾರೋ ನಿಯಮ ಮೀರಿ ಕೊಟ್ಟಿದಾರೆ ಅಂತ ಅರ್ಥ.

ಇನ್ನು ಹೊಲದಿಂದ ಮನೆಗೆ ಬರೋ ಬಾಟ್ಲಿ, ಕ್ಯಾನು. ಕ್ಯಾನು ಗಟ್ಟಿ ಐತೆ, ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಕೊಳಾನ ಅನ್ನೋ ಬುದ್ಧಿ ನಮ್ದು. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಊರಿನ ಶಾಲೇಲಿ 2013ರ ಜುಲೈ 16ರಂದು ಮಧ್ಯಾಹ್ನದ ಬಿಸಿಯೂಟ ಉಂಡು 23 ಮಕ್ಕಳು ಸತ್ತವು. ಅಡುಗೆ ಎಣ್ಣೇಲಿ ಮೊನೊಕ್ರೊಟೊಫಾಸ್ ಅನ್ನೋ ಹೊಲದ ಕೀಟನಾಶಕ ಸೇರಿತ್ತು. ಕೀಟನಾಶಕದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದೇ ಕಾರಣ ಅಂತ ತನಿಖೆಯೋರು ಹೇಳಿದ್ರು. ಮಾಡಿದ ಅಡುಗೆಯೋಳೇ ಎಣ್ಣೆ ವಾಸನೆ ಸರಿಯಿಲ್ಲ ಅಂದಿದ್ಳಂತೆ. 23 ಮಕ್ಕಳು ಕಣ್ರಿ. ಆ ಡಬ್ಬದ ಮೇಲೂ ಯಾರೋ ಒಬ್ರು "ಔಷಧಿ ಡಬ್ಬ" ಅಂತಲೇ ಅಂದಿರ್ತಾರೆ.

ಇನ್ನೊಂದು ಮಾತು ಮನೆಮನೆಗೂ ಗೊತ್ತಿರೋದೇ, ಆದ್ರೂ ಯಾರೂ ಎತ್ತಲ್ಲ. ಸಂಸಾರ ಅಂದ ಮೇಲೆ ಕೆಟ್ಟ ಗಳಿಗೆ ಬರ್ತವೆ. ಸಾಲ, ಮಾತಿಗೆ ಮಾತು, ಪರೀಕ್ಷೆ ಫಲಿತಾಂಶ, ಕುಡುಕರ ಕಾಟ. ಆ ಗಳಿಗೆ ಕಳೆದ್ರೆ ಮನುಷ್ಯ ಉಳೀತಾನೆ, ಬೆಳಿಗ್ಗೆಗೆ ಬೇರೆ ಮನಸ್ಸು ಬರ್ತದೆ. ಆದ್ರೆ ಕೈಗೆಟುಕೋ ಹಾಗೆ ವಿಷ ಇದ್ರೆ ಆ ಗಳಿಗೆ ಕಳೆಯೋಕೇ ಬಿಡಲ್ಲ. ಇದು ನನ್ನ ಊಹೆಯಲ್ಲ. ಶ್ರೀಲಂಕಾದಲ್ಲಿ ತೀರಾ ಹೆಚ್ಚು ವಿಷದ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧ ಮಾಡ್ತಾ ಬಂದ್ರು. 1995ರಿಂದ 2015ರೊಳಗೆ ಆ ದೇಶದ ಆತ್ಮಹತ್ಯೆ ಪ್ರಮಾಣ ನೂರಕ್ಕೆ 70ರಷ್ಟು ಇಳೀತು. ಜನರ ಕಷ್ಟ ಅಷ್ಟು ಇಳೀಲಿಲ್ಲ, ಕೈಗೆ ಸಿಗೋ ವಿಷ ಇಳೀತು. ಅಟ್ಟದ ಡಬ್ಬ ಇಲಿಗೆ ಅಂತಲೇ ಇಟ್ಟಿರ್ತೀವಿ. ಅದು ಯಾರ ಕೈ ಸೇರ್ತದೆ ಅನ್ನೋದು ನಮ್ಮ ಕೈಲಿಲ್ಲ. ಮನಸ್ಸು ಕುಸಿದೋರು ಮನೇಲಿದ್ರೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅದಕ್ಕೂ ಮುಂಚೆ ಆ ಡಬ್ಬ ಮನೆಯಿಂದ ಆಚೆ ಹೋಗ್ಲಿ.

ಇಷ್ಟು ಹೇಳಿದ್ರೆ ಎದುರು ವಾದ ಶುರು. ಮೊದಲನೇದು, "ಸರ್ಕಾರವೇ ಒಪ್ಪಿ ಮಾರ್ತಿರೋದು, ಅಷ್ಟು ಕೆಟ್ಟದ್ದಾಗಿದ್ರೆ ಬಿಡ್ತಿದ್ರಾ?" ಬಿಟ್ಟಿದ್ರು. ನಮ್ಮ ಕನ್ನಡದ ಜನವೇ ಇರೋ ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆ ಕೇಳಿ ನೋಡಿ. ಸರ್ಕಾರದ್ದೇ ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ್ರು, 2000ದವರೆಗೆ. ಕರು ಕೈಕಾಲು ಸೊಟ್ಟಾಗಿ ಹುಟ್ತಾವೆ ಅಂತ ಆ ಕಡೆಯ ಪತ್ರಕರ್ತ ಶ್ರೀಪಡ್ರೆ ಬಹಳ ಮುಂಚೆಯೇ ಬರೆದು ಎಚ್ಚರಿಸಿದ್ರು. ಆಮೇಲೆ ಕೂಸುಗಳ ಸರದಿ. ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅಲ್ಲೀವರೆಗೂ ಅದು ಸರ್ಕಾರ ಒಪ್ಪಿದ ವಸ್ತುವೇ. ಒಪ್ಪಿಗೆ ಅಂದ್ರೆ ಮಾರಬಹುದು ಅಂತ ಅಷ್ಟೇ, ನಿಮ್ಮ ಒಲೆ ಪಕ್ಕ ಇಡಿ ಅಂತಲ್ಲ. ಡಬ್ಬದ ಮೇಲೆ ವಜ್ರಾಕಾರದ ಗುರುತು ಇರ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದ್ರೆ ತೀರಾ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ರೆ ಸಾವಯವ ಅಂತ ತಿಳ್ಕೊಂಡೋರೂ ಅವ್ರೆ! ಹಸಿರು ಅಂದ್ರೆ ಮಿಕ್ಕವಕ್ಕಿಂತ ಕಮ್ಮಿ ವಿಷ, ವಿಷ ಇಲ್ಲ ಅಂತಲ್ಲ.

ಎರಡನೇ ವಾದ, "ಏನಾದ್ರೂ ಅನ್ನಿ, ಹಾಕಿದ್ರೆ ಸಾಯ್ತವಲ್ಲ." ಸಾಯ್ತವೆ. ಆಮೇಲೆ? ಹಳಬರಿಗೆ ಡಿಡಿಟಿ ನೆನಪಿರ್ತದೆ, ಗೋಡೆಗೆಲ್ಲ ಬಿಳೀ ಕಲೆ ಮಾಡಿ ಹೋಗೋರು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಅದಕ್ಕೂ ಮುಂಚೆ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರ್ತಿತ್ತು ಅಂತ ಅಂದಾಜು. 1965ಕ್ಕೆ ಅದು ಒಂದು ಲಕ್ಷಕ್ಕೆ ಇಳೀತು. ದೊಡ್ಡ ಕೆಲಸವೇ, ಇಲ್ಲ ಅನ್ನಲ್ಲ. ಆದ್ರೆ ಸೊಳ್ಳೆ ಡಿಡಿಟಿ ತಡ್ಕೊಳ್ಳೋದು ಕಲೀತು, ನಮ್ಮೋರು ಕೆಲಸ ಸಡಿಲ ಬಿಟ್ರು, 1976ಕ್ಕೆ ಮತ್ತೆ 64 ಲಕ್ಷ ಜನ ಮಲಗಿದ್ರು. ವಿಷ ಅಂದ್ರೆ ಸಾಲ ಇದ್ದ ಹಾಗೆ. ಇವತ್ತಿನ ಹೊತ್ತು ಕಳೀತದೆ, ಬಡ್ಡಿ ಆಮೇಲೆ ಬರ್ತದೆ.

ಜಿರಲೆ ತಗೊಳ್ಳಿ. ಅಡುಗೆಮನೆ ಸಣ್ಣ ಜಿರಲೆಯ ಒಂದು ಮೊಟ್ಟೆ ಚೀಲದಲ್ಲಿ 30-40 ಮರಿ ಇರ್ತವೆ. ಸ್ಪ್ರೇ ಆ ಚೀಲದ ಒಳಕ್ಕೆ ಇಳಿಯಲ್ಲ. ತಾಯಿ ಸತ್ತು ಬಿದ್ದಿದ್ದು ನೋಡಿ ನಾವು ಗೆದ್ದೆವು ಅಂತ ಡಬ್ಬ ಒಳಗಿಡ್ತೀವಿ, ತಿಂಗಳಿಗೆ ಮತ್ತೆ ಹಿಂಡು. ಮತ್ತೆ ಡಬ್ಬ. ಯಾರು ಗೆದ್ದಂಗಾಯ್ತು? ಡಬ್ಬ ಮಾರಿದೋನು.

ಇಲಿ ಕೇಕಿನ ಕಥೆ ಇನ್ನೂ ಕೆಟ್ಟದ್ದು. ಅದ್ರಲ್ಲಿರೋದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಿಷ. ತಿಂದ ಇಲಿ ತಕ್ಷಣ ಸಾಯಲ್ಲ, ನಾಲ್ಕೈದು ದಿನ ತೂರಾಡ್ತಾ ಓಡಾಡ್ತದೆ. ತೂರಾಡೋ ಇಲಿ ಯಾರಿಗೆ ಸುಲಭಕ್ಕೆ ಸಿಗ್ತದೆ? ಬೆಕ್ಕಿಗೆ, ಗೂಬೆಗೆ. ವಿಷ ಅವುಗಳ ಹೊಟ್ಟೆಗೂ ಹೋಗ್ತದೆ. ಇಲಿ ಮೂರೇ ವಾರಕ್ಕೆ ಆರೇಳು ಮರಿ ಹಾಕ್ತದೆ, ಗೂಬೆ ವರ್ಷಕ್ಕೆ ಒಂದು ಸಂಸಾರ ಸಾಕೋದೇ ಕಷ್ಟ. ವಿಷ ಇಟ್ಟು ಇಟ್ಟು ಇಲಿ ಉಳಿಸ್ಕೊಂಡು ಇಲಿ ತಿನ್ನೋರನ್ನ ಕಳ್ಕೊಳ್ತೀವಿ. ಅದ್ರ ಮೇಲೆ ಕೇರೆ ಹಾವು ಕಂಡ್ರೆ ದೊಣ್ಣೆ. ಕೇರೆಗೆ ವಿಷವೇ ಇಲ್ಲ, ತಿನ್ನೋದೇ ಇಲಿ. ಅದನ್ನ ಕೊಲ್ಲೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ. ಸಂಬಳ ಇಲ್ಲದೆ ದುಡಿಯೋ ಆಳನ್ನ ಹೊಡೆದು ಹಾಕಿ, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ವಿಷ ತರೋದು ಯಾವ ಸೀಮೆ ಜಾಣತನ?

ಈಗ ನನ್ನ ಕಡೆಯೋರಿಗೇ ಎರಡು ಮಾತು, ಬೇಜಾರು ಮಾಡ್ಕೋಬೇಡಿ. ವಿಷ ಬೇಡ ಅನ್ನೋರು ಮೊಬೈಲಿನಲ್ಲಿ ಬರೋದನ್ನೆಲ್ಲ ನಂಬ್ತಾರೆ. ಬೇವಿನ ಸೊಪ್ಪು ಕಟ್ಟಿದ್ರೆ ಇಲಿ ಓಡ್ತದಾ? ಓಡಲ್ಲ. ಬೇವು ಹುಳಕ್ಕೆ ಸರಿ, ಇಲಿಗೆ ಏನೂ ಅಲ್ಲ. ಕರೆಂಟಿಗೆ ಸಿಗಿಸೋ ಶಬ್ದದ ಯಂತ್ರ ಅಂತ ಬಂದದೆ, ನಮಗೆ ಕೇಳಿಸದ ಶಬ್ದಕ್ಕೆ ಇಲಿ ಜಿರಲೆ ಓಡ್ತವಂತೆ. ಅಂಥ ಯಂತ್ರ ಮಾಡೋ, ಮಾರೋ 60ಕ್ಕೂ ಹೆಚ್ಚು ಕಂಪನಿಗಳಿಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಎಚ್ಚರಿಕೆ ಪತ್ರ ಬರೆದಿತ್ತು, ಮಾತಿಗೆ ತಕ್ಕ ಆಧಾರ ತೋರಿಸಿ ಅಂತ. ಬ್ಲೀಚಿಂಗ್ ಪುಡಿಗೆ ವಿನೆಗರ್ರೋ ಕಕ್ಕಸಿನ ಆ್ಯಸಿಡ್ಡೋ ಬೆರೆಸಿ ಬಚ್ಚಲಿಗೆ ಹುಯ್ಯಿ ಅಂತ ಹೇಳಿಕೊಡೋರೂ ಅವ್ರೆ. ಅದ್ರಿಂದ ಕ್ಲೋರಿನ್ ಗ್ಯಾಸು ಬರ್ತದೆ, ಉಸಿರು ಕಟ್ಟಿ ಬಚ್ಚಲಲ್ಲೇ ಬೀಳ್ತೀರಿ. ಅಂಟು ಹಲಗೆಯಂತೂ ಬೇಡವೇ ಬೇಡ. ಇಲಿ ಎರಡು ದಿನ ಜೀವಂತ ಒದ್ದಾಡ್ತದೆ, ಹಲ್ಲಿ ಗುಬ್ಬಚ್ಚಿನೂ ಸಿಕ್ಕಿಹಾಕ್ಕೊಳ್ತವೆ. ಸುಳ್ಳು ಮದ್ದು ಹೇಳಿದ್ರೆ ಏನಾಗ್ತದೆ ಗೊತ್ತಾ? ಒಂದು ವಾರ ಮಾಡಿ ನೋಡಿದೋರು "ಇದೆಲ್ಲ ಪುಕ್ಕಟೆ ಮಾತು" ಅಂತ ಮತ್ತೆ ಪೇಸ್ಟು ತರ್ತಾರೆ. ಆ ಪಾಪ ನಮ್ಮ ತಲೆಗೇ.

ಹಾಗಾದ್ರೆ ನಡೆಯೋದು ಏನು? ಮೂರೇ ಮಾತು. ಅನ್ನ, ನೀರು, ತೂತು. ಯಾವ ಹುಳ ಹುಪ್ಪಟೆಯೂ ನಮ್ಮ ಮೇಲಿನ ಪ್ರೀತಿಗೆ ಬರಲ್ಲ. ತಿನ್ನೋಕೆ, ಕುಡಿಯೋಕೆ, ಅಡಗೋಕೆ ಬರ್ತದೆ. ಮೂರನ್ನೂ ಕಿತ್ಕೊಂಡ್ರೆ ಬೇರೆ ಮನೆ ನೋಡ್ಕೊಳ್ತದೆ.

ಇಲಿಗೆ ತೂತು ಮುಖ್ಯ. ಪೆನ್ಸಿಲ್ ತೂರೋ ಸಂದಿ ಇದ್ರೆ ಚಿಟ್ಟಿಲಿ ತೂರ್ತದೆ, ಹೆಬ್ಬೆರಳು ಹೋದ್ರೆ ದೊಡ್ಡಿಲಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ, ಬಚ್ಚಲ ತೂತಿಗೆ ಕಬ್ಬಿಣದ ಜಾಲರಿ, ಗೋಡೆ ತೂತಿಗೆ ಪಾತ್ರೆ ಉಜ್ಜೋ ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟು. ಬರೀ ಬಟ್ಟೆ ತುರುಕಿದ್ರೆ ಅದಕ್ಕೆ ಹಾಸಿಗೆ ಕೊಟ್ಟಂಗೆ. ಸೂರಿಗೆ ತಾಕೋ ಮರದ ಕೊಂಬೆ ಕಡೀರಿ, ಇಲಿಗೆ ಅದೇ ಸೇತುವೆ. ನಮ್ಮ ಅರಸೀಕೆರೆ ಸೀಮೇಲಿ ಉಂಡೆ ಕೊಬ್ಬರಿ ಮಾಡೋಕೆ ಕಾಯಿನ ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರ್ತೀವಲ್ಲ, ಅಟ್ಟಕ್ಕೆ ಹತ್ತೋ ಕಂಬಕ್ಕೆ ನುಣ್ಣನೆ ತಗಡು ಸುತ್ತಿ ಹೊಡೀರಿ, ಇಲಿ ಜಾರ್ತದೆ. ಒಳಗೆ ಉಳಿದ ಒಂದೆರಡಕ್ಕೆ ಬೋನು, ಗೋಡೆ ಬದೀಲೇ ಇಡಿ, ಇಲಿ ಗೋಡೆ ಹಿಡ್ಕೊಂಡೇ ಓಡಾಡೋದು. ಇಲಿ ಕಮ್ಮಿ ಆದ್ರೆ ಅದ್ರ ಹಿಂದೆ ಬರೋ ನಾಗರ ಹಾವೂ ಕಮ್ಮಿ. ಇದೊಂದೇ ಸಾಕು ಮೈ ಬಗ್ಗಿಸೋಕೆ.

ಜಿರಲೆಗೆ ನೀರು ಮುಖ್ಯ. ಅನ್ನ ಇಲ್ಲದೆ ವಾರಗಟ್ಟಲೆ ತಡೀತದೆ, ನೀರಿಲ್ಲದೆ ತಡಿಯಲ್ಲ. ರಾತ್ರಿ ಮುಸುರೆ ಬಿಡಬೇಡಿ, ಸಿಂಕು ಒರೆಸಿ ಒಣಗ್ಸಿ, ತೊಟ್ಟಿಕ್ಕೋ ನಲ್ಲಿ ರಿಪೇರಿ ಮಾಡ್ಸಿ. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆ ಒಳಗೆ ಇಟ್ಕೋಬೇಡಿ, ಅದ್ರ ಮಡಿಕೇಲೇ ಮೊಟ್ಟೆ ಬರೋದು. ಕಂಡ ಜಿರಲೆ ಮೇಲೆ ಪಾತ್ರೆ ಸೋಪಿನ ನೀರು ಎರಚಿ, ಉಸಿರಾಡೋ ತೂತು ಮುಚ್ಚಿ ಸಾಯ್ತದೆ. ಇರುವೆಗೆ ಸಾಲು ಒರೆಸಿದ್ರೆ ಸಾಕು. ಅವು ವಾಸನೆ ಗೆರೆ ಹಿಡ್ಕೊಂಡು ಬರೋದು, ಸೋಪಿನ ನೀರಲ್ಲಿ ಆ ಗೆರೆ ಅಳ್ಸಿ, ಸಕ್ಕರೆ ಡಬ್ಬ ನೀರಿನ ತಟ್ಟೇಲಿಡಿ.

ಕಾಳಿಗೆ ಬಿಸಿಲು. ನಮ್ಮ ಹಿರೀಕರು ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಇಡ್ತಿದ್ರು, ಯಾವ ಗುಳಿಗೆ ಹಾಕಿದ್ರು? ಚೆನ್ನಾಗಿ ಒಣಗ್ಸಿ, ಗಾಳಿ ಆಡದ ಹಾಗೆ ಮುಚ್ಚೋದು, ಇಷ್ಟೇ ಗುಟ್ಟು. ಗಾಳಿ ಆಡದಿದ್ರೆ ಹುಳಕ್ಕೆ ಉಸಿರಿಲ್ಲ. ಅವರೆ, ತೊಗರಿ, ಹೆಸರುಕಾಳು ಎರಡು ಮೂರು ಕಡು ಬಿಸಿಲಿಗೆ ಹಾಕಿ, ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ನಬೇಕು. ಪೂರ್ತಿ ಆರಿದ ಮೇಲೆ ಒಣಗಿದ ಬೇವಿನ ಸೊಪ್ಪು ಹಾಕಿ ಬಿಗಿ ಮುಚ್ಚಳದ ಡ್ರಮ್ಮಿಗೆ ಬಾಯಿಮಟ ತುಂಬಿ. ಬೇಳೆಗೆ ವಸಿ ಹರಳೆಣ್ಣೆ ಸವರಿದ್ರೆ ಕುಟ್ಟೆ ಹುಳ ಮೊಟ್ಟೆ ಇಟ್ರೂ ಉಳಿಯಲ್ಲ. ಬಟ್ಟೆ ಬೀರುವಿಗೂ ಬಿಸಿಲೇ ಮದ್ದು.

ಸೊಳ್ಳೆ ಮಾತ್ರ ಒಂದು ಮನೆಯ ಕೆಲಸ ಅಲ್ಲ, ಬೀದಿಯ ಕೆಲಸ. ಡೆಂಗಿ ಸೊಳ್ಳೆ ಕೊಳಚೇಲಿ ಹುಟ್ಟಲ್ಲ, ಒಳ್ಳೇ ನೀರಲ್ಲಿ ಹುಟ್ತದೆ. ಎಳನೀರು ಬುರುಡೆ, ತೆಂಗಿನ ಚಿಪ್ಪು, ಹಳೇ ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ವಾರ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಂದು ದಿನ ಎಲ್ಲ ಪಾತ್ರೆ ಖಾಲಿ ಮಾಡಿ ಉಜ್ಜಿ ಒಣಗ್ಸಬೇಕು. 2023ರಲ್ಲಿ ನಮ್ಮ ಹಳೇಬೀಡು, ಬೇಲೂರು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು, ಸಂತೋಷ. ನೋಡೋಕೆ ಬರೋ ಜನ ಬಿಸಾಕೋ ಲೋಟ, ಬುರುಡೆಲಿ ಮಳೆ ನೀರು ನಿಂತ್ರೆ ಕಚ್ಚಿಸ್ಕೊಳ್ಳೋರು ಇಲ್ಲೇ ಇರೋ ನಾವು. ಹೊಗೆ ಗಾಡಿ ಬಂದು ಹೋದ್ರೆ ಕೆಲಸ ಆಯ್ತು ಅನ್ಕೋಬೇಡಿ. ಆ ಹೊಗೆ ಆ ಹೊತ್ತಿಗೆ ಹಾರೋ ಸೊಳ್ಳೆಗೆ ಮಾತ್ರ, ನೀರಲ್ಲಿರೋ ಮರಿಗೆ ಏನೂ ಆಗಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋಕೆ ಬಿಟ್ಟ ಮನೆಗೂ ದಂಡ ಅಂದಿತು. ಮನೆಗೆ ದಂಡ ಸರಿ, ಹೂಳು ತುಂಬಿದ ಚರಂಡಿಗೆ ಯಾರಿಗೆ ದಂಡ ಅಂತ ಗ್ರಾಮಸಭೇಲಿ ಎದ್ದು ಕೇಳಿ, ಯಾವ ಊರೇ ಆಗ್ಲಿ.

ಖಾಲಿ ಮಾಡೋಕಾಗದ ಬಾವಿ, ಸಿಮೆಂಟು ತೊಟ್ಟಿಗೆ ಗಪ್ಪಿ ಮೀನು ಬಿಡಿ. ಕೋಲಾರ ಜಿಲ್ಲೆ ಕಾಮಸಮುದ್ರದ ಕಡೆ ಹಳ್ಳಿಗಳ ಬಾವಿಗಳಿಗೆ ಮರಿ ತಿನ್ನೋ ಮೀನು ಬಿಟ್ಟೇ ಮಲೇರಿಯಾ ಇಳಿಸಿದ್ರು, 2005ರಲ್ಲಿ ಅದ್ರ ಬಗ್ಗೆ ವಿಜ್ಞಾನಿಗಳ ವರದಿನೂ ಬಂತು. ಆದ್ರೆ ದ್ವಾರಸಮುದ್ರ ಕೆರೆಗೆ ಸುರಿಯೋಕೆ ಹೋಗಬೇಡಿ. ಗಪ್ಪಿ ಹೊರದೇಶದ ಮೀನು, ನಮ್ಮ ಕೆರೆ ಮೀನಿಗೆ ಪೋಟಿ ಕೊಡ್ತದೆ. ಮಲಗೋವಾಗ ಸೊಳ್ಳೆ ಪರದೆ. ಇದಕ್ಕಿಂತ ಒಳ್ಳೇ ಬತ್ತಿ ಇನ್ನೂ ಯಾರೂ ಮಾಡಿಲ್ಲ.

"ಇಷ್ಟೆಲ್ಲ ಮಾಡೋಕೆ ಪುರುಸೊತ್ತೆಲ್ಲೈತೆ ತಾಯಿ?" ಇದು ಮೂರನೇ ವಾದ, ಇದೊಂದನ್ನ ನಾನು ಒಪ್ತೀನಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ರೊಟ್ಟಿ ತಟ್ಟಿ, ಹೊಲಕ್ಕೂ ಹೋಗೋ ಹೆಂಗಸಿಗೆ ರಾತ್ರಿ ಸಿಂಕು ಒರೆಸು ಅನ್ನೋದು ಸುಲಭ. ವಿಷ ಮನೆ ಒಳಗೆ ಬಂದಿದ್ದೇ ಹೀಗೆ. ಅವಳ ಕೆಲಸ ಹಂಚ್ಕೊಳ್ಳೋರು ಇಲ್ಲ, ಡಬ್ಬ ಹಂಚ್ಕೊಳ್ತದೆ. ಅದಕ್ಕೇ ಗಂಡಸರಿಗೇ ನೇರ ಹೇಳ್ತೀನಿ. ತೂತಿಗೆ ಸಿಮೆಂಟು ಮೆತ್ತೋದು, ಕಂಬಕ್ಕೆ ತಗಡು ಹೊಡೆಯೋದು, ಕೊಂಬೆ ಕಡಿಯೋದು, ಬುರುಡೆ ರಾಶಿ ತೆಗೆಯೋದು ನಿಮ್ಮ ಕೆಲಸ. ವರ್ಷಕ್ಕೆ ಎರಡು ಭಾನುವಾರ ಸಾಕು. ಅಂಗಡಿಗೆ ಹೋಗಿ ಪೇಸ್ಟು ತಂದು ಅಟ್ಟಕ್ಕೆ ಎಸೆದು "ಇಟ್ಟಿದೀನಿ ಕಣೇ" ಅಂತ ಹೇಳೋದು ಕೆಲಸ ಅಲ್ಲ. ಎಸೆದಿದ್ದು ಎಲ್ಲಿ ಬಿತ್ತು ಅಂತ ಹುಡುಕ್ಕೊಂಡು ಮಕ್ಕಳನ್ನ ಕಾಯೋಳು ಆಮೇಲೆ ನಾವೇ ತಾನೆ?

ವಿಷ ಬೇಕೇ ಬೇಕಾಗೋ ಹೊತ್ತೂ ಬರ್ತದೆ. ಊರಿಗೆ ಊರೇ ಜ್ವರ ಹರಡಿದಾಗ, ಮನೆ ತೊಲೆಗೆ ಗೆದ್ದಲು ಪೂರಾ ಹಿಡಿದಾಗ. ಆಗ ತಿಳಿದೋರನ್ನ ಕರೆಸಿ, ಮಕ್ಕಳು ದನ ಆಚೆ ಕಳಿಸಿ, ಮಾಡಬೇಕಾದಷ್ಟು ಮಾಡ್ಸಿ, ಮಿಕ್ಕಿದ್ದನ್ನ ಅವರ ಕೈಲೇ ವಾಪಸ್ ಕಳಿಸಿ. ಮನೇಲಿ ದಾಸ್ತಾನು ಮಾತ್ರ ಬೇಡ.

ಇವತ್ತು ಸಂಜೆಯೊಳಗೆ ಮೂರು ಕೆಲಸ ಮಾಡಿ ಅಕ್ಕಂದಿರೇ. ಅಟ್ಟ, ಕಿಟಕಿ, ಸಿಂಕಿನ ಕೆಳಗೆ, ಮೂಟೆ ಒಳಗೆ ಇರೋ ವಿಷವನ್ನೆಲ್ಲ ಲೆಕ್ಕ ಹಾಕಿ. ಗುಳಿಗೆ ಇರೋ ಮೂಟೆ ಬಾಯಿ ಬಿಚ್ಚಿ ಮೂಸಬೇಡಿ, ಯಾರೂ ಮಲಗದ, ಗ್ಯಾಸು ಹೊರಗೆ ಹೋಗೋ ಜಾಗಕ್ಕೆ ಸಾಗಿಸಿ, ಕೊಟ್ಟೋನನ್ನೇ ಕರೆಸಿ ತೆಗೆಸಿ. ಹೊಲಕ್ಕೆ ಬೇಕಾದ್ದು ಮನೆಯಿಂದ ಆಚೆ ಬೀಗದ ಪೆಟ್ಟಿಗೆಗೆ ಹೋಗ್ಲಿ, ಬೀಗದ ಕೈ ಒಬ್ಬರ ಹತ್ರವೇ ಇರ್ಲಿ. ಬೇಡದ್ದನ್ನ ಕೊಟ್ಟ ಅಂಗಡಿಗೇ ವಾಪಸ್ ಕೊಡಿ, ಕೆರೆಗೆ, ಚರಂಡಿಗೆ, ತಿಪ್ಪೆಗೆ ಎಸೀಬೇಡಿ. ಖಾಲಿ ಕ್ಯಾನಿಗೆ ಮೊಳೆ ಹೊಡೆದು ತೂತು ಮಾಡಿ, ಇನ್ಯಾರೂ ಅದ್ರಲ್ಲಿ ಎಣ್ಣೆ ನೀರು ಇಡದ ಹಾಗೆ.

ಮತ್ತೆ ನಾಳೆ ಅಂಗಡೀಲಿ ಯಾರಾದ್ರೂ "ಇಲಿ ಔಷಧಿ ಕೊಡಿ" ಅಂದ್ರೆ, ಪಕ್ಕದಲ್ಲಿ ನಿಂತಿರೋ ನೀವು ಸುಮ್ಮನಿರಬೇಡಿ. "ಔಷಧಿ ಅಲ್ಲ ಕಣವ್ವ, ವಿಷ" ಅಂತ ಜೋರಾಗೇ ಅನ್ನಿ. ಅಂಗಡಿಯೋನಿಗೂ ಕೇಳಿಸ್ಲಿ.